ಪ್ರಾಂಪ್ಟರ್ ಕೈಗೆ ಕೊಟ್ಟ ಸುಳ್ಳು ಸೀನ್

ದೆವ್ವ ಯಾರ ಮೈಮೇಲಿದೆ ಎಂಬುದು ಇಡೀ ತಂಡದಲ್ಲಿ ಐದೇ ಜನರಿಗೆ ಗೊತ್ತಿತ್ತು. ಚಾನೆಲ್ ಕಡೆಯಿಂದ ನಮ್ಮ ಧಾರಾವಾಹಿಯನ್ನು ನೋಡಿಕೊಳ್ಳುತ್ತಿದ್ದ ಮೇಡಂ, ನಿರ್ದೇಶಕ, ಪ್ರೊಡಕ್ಷನ್ ಮ್ಯಾನೇಜರ್, ಪ್ರಾಂಪ್ಟರ್, ಮತ್ತು ಸಂಭಾಷಣೆ ಬರೆಯುವ ನಾನು. ದೆವ್ವದ ಪಾತ್ರ ಮಾಡುತ್ತಿದ್ದ ಹುಡುಗಿಗೇ ತಾನು ದೆವ್ವ ಎಂದು ತಿಳಿಸಿರಲಿಲ್ಲ. ತಿಳಿದರೆ ಕಣ್ಣಲ್ಲೇ ತೋರಿಸಿಬಿಡುತ್ತಾಳೆ ಎಂಬುದು ನಿರ್ದೇಶಕನ ಭಯ. ಆ ಹುಡುಗಿಯ ನಟನೆ ಬಲ್ಲ ನಾವ್ಯಾರೂ ಎದುರು ಮಾತಾಡಲಿಲ್ಲ.

ಕಥೆ ಇಷ್ಟು. ಒಂದೇ ಮನೆಯಲ್ಲಿ ಬಾಡಿಗೆಗಿರುವ ನಾಲ್ವರು ಗೆಳತಿಯರು. ಐದನೆಯವಳು ಸತ್ತಿದ್ದಾಳೆ, ಅವಳ ಸಾವಿಗೆ ಈ ನಾಲ್ವರಲ್ಲಿ ಒಬ್ಬಳು ಕಾರಣ. ಸತ್ತವಳ ಆತ್ಮ ಬಂದು ಇದೇ ನಾಲ್ವರಲ್ಲಿ ಇನ್ನೊಬ್ಬಳ ಮೈ ಸೇರಿದೆ. ಯಾರು ಕೊಂದವಳು, ಯಾರ ಮೈಯಲ್ಲಿ ಆತ್ಮ, ಯಾರಿಗೂ ಗೊತ್ತಿಲ್ಲ. ಹಾಗಾಗಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು ಈಗ ಒಬ್ಬರ ಲೋಟ ಇನ್ನೊಬ್ಬರು ಮುಟ್ಟುವುದಿಲ್ಲ. ಏಳು ತಿಂಗಳಿಂದ ಜನ ಇದನ್ನು ನೋಡುತ್ತಿದ್ದರು, ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿದಿನ ಅನುಮಾನಪಡುವ ಕೆಲಸವನ್ನು ನಾನು ಮನೆಯಲ್ಲಿ ಕೂತು ಮಾಡುತ್ತಿದ್ದೆ. ನನಗೆ ಹುಟ್ಟಿನಿಂದಲೇ ಅನುಮಾನ ಜಾಸ್ತಿ. ಹಾಲಿನವನ ಅಳತೆಯಿಂದ ಹಿಡಿದು ಡಾಕ್ಟರರ ಚೀಟಿಯವರೆಗೆ ಎಲ್ಲವನ್ನೂ ಎರಡು ಸಲ ನೋಡುವವಳು ನಾನು. ಈ ಧಾರಾವಾಹಿ ನನಗೆಂದೇ ಬಂದದ್ದು ಎಂದು ಜಂಬಪಟ್ಟಿದ್ದೆ.

ಒಂದು ಸೋಮವಾರ ಮೇಡಂ ಫೋನ್ ಮಾಡಿ ಒಂದು ಸ್ಕ್ರೀನ್‌ಶಾಟ್ ನೋಡಲು ಹೇಳಿದರು. ನಮ್ಮ ವೀಕ್ಷಕರೇ ಮಾಡಿಕೊಂಡಿದ್ದ ಒಂದು ಪೇಜ್. ಗುರುವಾರ ಪ್ರಸಾರವಾಗಬೇಕಿದ್ದ, ಇನ್ನೂ ಚಿತ್ರೀಕರಣವಾಗಿರದ ಎಪಿಸೋಡಿನ ನಾಲ್ಕು ಸಾಲು ಸಂಭಾಷಣೆ ಅದರಲ್ಲಿ ಇದ್ದ ಹಾಗೆಯೇ ಇತ್ತು. ಊಹೆಯಲ್ಲ, ನನ್ನ ಸಾಲುಗಳೇ. ಚಿತ್ರೀಕರಣಕ್ಕೆ ಮೊದಲು ಅವು ನಾವು ಐವರ ಕೈಗೆ ಬಿಟ್ಟರೆ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಮುಂದಿನ ವಾರ ಮತ್ತೆ ಆಯಿತು, ಅದರ ಮುಂದಿನ ವಾರವೂ ಆಯಿತು.

"ಐದು ಜನರಲ್ಲಿ ನಾನು ಹೇಳಿಲ್ಲ" ಎಂದರು ಮೇಡಂ. "ಉಳಿದೋರು ನಾಲ್ಕು ಜನ. ಎರಡು ವಾರ ಟೈಮ್ ಕೊಡ್ತೀನಿ. ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಪೂರ್ತಿ ಟೀಮ್ ಚೇಂಜ್ ಆಗತ್ತೆ, ನೀವೂ ಸೇರಿ."

ಆ ನಾಲ್ವರಲ್ಲಿ ಮೂವರು ಗೆಳೆಯರು. ನಿರ್ದೇಶಕ, ಪ್ರಾಂಪ್ಟರ್ ಮತ್ತು ನಾನು ಹದಿಮೂರು ವರ್ಷದ ಹಿಂದೆ ಒಂದೇ ಧಾರಾವಾಹಿಯಲ್ಲಿ ಸಹಾಯಕರಾಗಿ ಸೇರಿದವರು. ಒಂದೇ ಆಟೋದಲ್ಲಿ ಬಂದು ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಅವನು ನಿರ್ದೇಶನಕ್ಕೆ ಹೋದ, ನಾನು ಬರವಣಿಗೆಗೆ ಬಂದೆ, ಅವಳು ಪ್ರಾಂಪ್ಟರ್ ಆದಳು. ಎಲ್ಲಿ ಕೆಲಸ ಸಿಕ್ಕಿದರೂ ಮೂವರೂ ಒಟ್ಟಿಗೆ ಹೋಗಬೇಕೆಂದು ನಮ್ಮೊಳಗೆ ಒಂದು ಮಾತಿತ್ತು.

ಪ್ರಾಂಪ್ಟರ್ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ದಿನಕ್ಕೊಂದು ಎಪಿಸೋಡ್ ಮುಗಿಸುವ ಓಟದಲ್ಲಿ ನಟರಿಗೆ ಮಾತು ಬಾಯಿಪಾಠ ಮಾಡಲು ಪುರುಸೊತ್ತಿರುವುದಿಲ್ಲ. ಕ್ಯಾಮೆರಾ ಓಡುವಾಗ ಪಕ್ಕದಲ್ಲಿ ನಿಂತು ಪ್ರಾಂಪ್ಟರ್ ಒಂದೊಂದೇ ಸಾಲು ಹೇಳುತ್ತಾಳೆ, ನಟರು ಅದನ್ನು ಹೇಳುತ್ತಾರೆ. ಆಮೇಲೆ ಎಡಿಟಿಂಗಿನಲ್ಲಿ ಅವಳ ದನಿಯನ್ನು ಕತ್ತರಿಸಿ ಬಿಸಾಡುತ್ತಾರೆ. ನಮ್ಮ ನಾಯಕಿಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಪ್ರಾಂಪ್ಟರ್ ಇಲ್ಲದೆ ಅವಳ ಬಾಯಿಂದ ಒಂದು ಪದವೂ ಹೊರಡುತ್ತಿರಲಿಲ್ಲ. ಇನ್ನೊಂದು ನಿಯಮವೆಂದರೆ ಪ್ರಾಂಪ್ಟರ್ ಭಾವವಿಲ್ಲದೆ, ಏರಿಳಿತವಿಲ್ಲದ ಒಂದೇ ದನಿಯಲ್ಲಿ ಓದಬೇಕು. ಅವಳು ಅತ್ತರೆ ನಟರು ಅವಳ ಅಳುವನ್ನೇ ನಕಲು ಮಾಡುತ್ತಾರೆ.

ನನ್ನ ಗೆಳತಿ ಈ ಕೆಲಸದಲ್ಲಿ ಎತ್ತಿದ ಕೈ. ಆರ್.ಟಿ. ನಗರದವಳು, ಮನೆಯಲ್ಲಿ ದಖನಿ ಉರ್ದು, ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ನನ್ನ ಬರಹದಲ್ಲಿ ನಾಲಿಗೆ ತೊಡರುವ ಪದ ಎಲ್ಲಿದ್ದರೂ ಹಿಡಿಯುತ್ತಿದ್ದಳು. "ಇದನ್ನ ನೀನೇ ಮೂರು ಸಲ ಹೇಳು ನೋಡೋಣ" ಎಂದು ಫೋನಿನಲ್ಲೇ ರೇಗಿಸುತ್ತಿದ್ದಳು. ನಾನು ಹೇಳಲಾರದೆ ಬದಲಾಯಿಸುತ್ತಿದ್ದೆ.

ಮೊದಲ ಅನುಮಾನ ನಿರ್ದೇಶಕನ ಮೇಲೆ ಬಂತು. ಆ ವಾರ ನಾನು ಬರೆಯುವುದನ್ನು ಬಿಟ್ಟು ಮೂರು ದಿನ ಸೆಟ್ಟಿಗೆ ಹೋದೆ. ಹುಣಸಮಾರನಹಳ್ಳಿಯ ಒಳಗೆ, ಏರ್‌ಪೋರ್ಟ್ ರಸ್ತೆಯಿಂದ ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಮನೆಯ ಕೆಳಮಹಡಿ ನಮಗೆ ಬಾಡಿಗೆಗಿತ್ತು. ಮನೆಯ ಯಜಮಾನರು ಅದೇ ಹಳ್ಳಿಯ ಹಳಬರು, ಮೇಲಿನ ಮಹಡಿಯಲ್ಲಿ ತಾಯಿಯ ಜೊತೆ ಇದ್ದರು. ವಿಮಾನ ಹಾರಿದಾಗಲೆಲ್ಲ ಸೌಂಡ್‌ನವರು ಕೈ ಎತ್ತುತ್ತಿದ್ದರು, ಶಾಟ್ ನಿಲ್ಲುತ್ತಿತ್ತು. ಹಾಗೆ ನಿಂತಾಗಲೆಲ್ಲ ನಿರ್ದೇಶಕ ಫೋನ್ ಹಿಡಿದು ಗೇಟಿನ ಆಚೆಗೆ ಹೋಗುತ್ತಿದ್ದ. ನಾನು ಹತ್ತಿರ ಹೋದರೆ "ಆಮೇಲ್ ಮಾತಾಡ್ತೀನಿ" ಎಂದು ಫೋನ್ ಇಡುತ್ತಿದ್ದ. ಟೇಬಲ್ ಮೇಲಿಟ್ಟರೂ ಫೋನನ್ನು ಬೋರಲು ಇಡುತ್ತಿದ್ದ.

"ಯಾರೋ ಅದು?" ಎಂದೆ ಒಮ್ಮೆ.

"ಮನೆ ವಿಷ್ಯ ಗುರು" ಎಂದ.

ಅವನ ಮನೆಯ ವಿಷಯವೆಲ್ಲ ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಹೆಂಡತಿ ನನಗೆ ದಿನಾ ಫೋನ್ ಮಾಡುವವಳು. ಸುಳ್ಳು ಹೇಳುತ್ತಿದ್ದಾನೆ ಎಂದು ಖಾತ್ರಿಯಾಯಿತು. ಮನೆಗೆ ಬಂದು ಪೇಜಿನ ಎಲ್ಲ ಪೋಸ್ಟುಗಳನ್ನು ನನ್ನ ಸೀನ್ ಪೇಪರುಗಳ ಪಕ್ಕ ಇಟ್ಟು ನೋಡಿದೆ. ಸೀನ್ ಪೇಪರಿನಲ್ಲಿ ಸಂಭಾಷಣೆಯ ಜೊತೆ ಯಾರು ಎಲ್ಲಿ ನಿಂತಿದ್ದಾರೆ, ಯಾರು ಬಾಗಿಲು ಮುಚ್ಚುತ್ತಾರೆ ಎಂಬ ವಿವರಣೆಯೂ ಇರುತ್ತದೆ. ಪೇಜಿನಲ್ಲಿ ಅದೊಂದೂ ಇರಲಿಲ್ಲ, ಬರೀ ಮಾತು ಇತ್ತು. ಅಷ್ಟೇ ಅಲ್ಲ, ಯಾವ ಮಾತು ಯಾರದು ಎಂಬುದನ್ನು ಅರ್ಧಕ್ಕರ್ಧ ತಪ್ಪು ಹಾಕಿದ್ದರು. ಬುದ್ಧಿವಂತ ಕಳ್ಳ, ಬೇಕೆಂದೇ ಅದಲು ಬದಲು ಮಾಡಿದ್ದಾನೆ ಎಂದುಕೊಂಡೆ. ಕಣ್ಣ ಮುಂದೆ ಉತ್ತರ ಇಟ್ಟುಕೊಂಡು ಅಷ್ಟು ದೊಡ್ಡ ದಡ್ಡತನ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಬಲೆ ಬೀಸುವ ಯೋಚನೆ ನನ್ನದೇ. ಮೇಡಂಗೆ ನಾನೇ ಹೇಳಿದೆ, ಅವರಿಗೆ ಬಹಳ ಹಿಡಿಸಿತು. ಇನ್ನು ಮೂರು ದಿನಕ್ಕೆ ಚಿತ್ರೀಕರಣವಾಗಬೇಕಿದ್ದ ಒಂದು ಸೀನನ್ನು ಮೂರು ಬಗೆಯಲ್ಲಿ ಬರೆಯುವುದು, ಮೂವರಿಗೂ ಒಂದೊಂದು ಬಗೆ ಕೊಡುವುದು. ಯಾವುದು ಪೇಜಿನಲ್ಲಿ ಬರುತ್ತದೋ ಅದನ್ನು ಪಡೆದವರೇ ಕಳ್ಳರು. ಸತ್ತ ಗೆಳತಿಯನ್ನು ಗುರುತು ಹಿಡಿಯಲು ಒಂದು ಲಕ್ಷಣ ಇದೆಯೆಂದು ಆ ಸೀನಿನಲ್ಲಿ ಒಬ್ಬಳು ಹೇಳುತ್ತಾಳೆ. ನಿರ್ದೇಶಕನ ಪ್ರತಿಯಲ್ಲಿ ಸತ್ತವಳಿಗೆ ಬೆಕ್ಕು ಕಂಡರೆ ಭಯ ಎಂದು ಬರೆದೆ. ಮ್ಯಾನೇಜರ್ ಪ್ರತಿಯಲ್ಲಿ ಅವಳು ಲಿಫ್ಟ್ ಹತ್ತುತ್ತಿರಲಿಲ್ಲ ಎಂದು. ಪ್ರಾಂಪ್ಟರ್ ಪ್ರತಿಯಲ್ಲಿ ಹಲಸಿನ ಹಣ್ಣಿನ ವಾಸನೆಗೆ ಅವಳಿಗೆ ವಾಕರಿಕೆ ಬರುತ್ತಿತ್ತು ಎಂದು. ಮೂರೂ ಸುಳ್ಳು. ನಿಜವಾದದ್ದನ್ನು ಚಿತ್ರೀಕರಣದ ದಿನ ಬೆಳಿಗ್ಗೆ ಕೊಡುವುದೆಂದು ತೀರ್ಮಾನವಾಗಿತ್ತು.

ವಾಟ್ಸಾಪಿನಲ್ಲಿ ಕಳಿಸುವುದನ್ನು ನಿಲ್ಲಿಸಿ ಮೂರನ್ನೂ ಪ್ರಿಂಟ್ ಮಾಡಿದೆ. ನಾನೇ ತೆಗೆದುಕೊಂಡು ಹೋಗಿ ಪ್ರತ್ಯೇಕವಾಗಿ ಕೈಗೆ ಕೊಟ್ಟು, ಯಾರಿಗೂ ತೋರಿಸಬೇಡಿ ಎಂದೆ. ಮ್ಯಾನೇಜರ್ ಮಡಚಿ ಜೇಬಿಗೆ ಹಾಕಿಕೊಂಡರು. ನಿರ್ದೇಶಕ ಓದಿ "ಬೆಕ್ಕು ಯಾಕೋ ಸಪ್ಪೆ ಆಯ್ತು ಗುರು" ಎಂದ. ಪ್ರಾಂಪ್ಟರ್ ಮಾತ್ರ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದೇನಾ ಫೈನಲ್ಲು?" ಎಂದಳು.

"ಹೂಂ, ಇದೇ" ಎಂದೆ.

"ಸರಿ ಬಿಡು" ಎಂದು ಫೈಲಿನಲ್ಲಿಟ್ಟುಕೊಂಡಳು.

ಎರಡನೆಯ ದಿನ ಮಧ್ಯಾಹ್ನ ಪೇಜಿನಲ್ಲಿ ಹಲಸಿನ ಹಣ್ಣು ಬಂತು. "ದೆವ್ವಕ್ಕೆ ಹಲಸಿನ ಹಣ್ಣು ಆಗಲ್ಲ, ಈಗ ನಾಲ್ಕು ಜನಕ್ಕೂ ತಿನ್ನಿಸಿ ನೋಡಿ" ಎಂದು ಬರೆದಿದ್ದರು, ಕೆಳಗೆ ನೂರಾರು ಜನ ನಗುತ್ತಿದ್ದರು. ನನಗೆ ಎದೆ ಧಸಕ್ಕೆಂದಿತು. ಅದರ ಜೊತೆ ಇನ್ನೊಂದೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಬಲೆ ಕೆಲಸ ಮಾಡಿತಲ್ಲ ಎಂದು ಖುಷಿಯಾಯಿತು. ಗೆಳತಿಗೆ ಒಂದು ಫೋನ್ ಮಾಡಿ ಏನೇ ಇದು ಎಂದು ಕೇಳುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದು, ಅವಳ ಹೆಸರು ಬರೆದು ಮೇಡಂಗೆ ಕಳಿಸಿದೆ. ಕಳಿಸಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಅವಳಿಗೆ ಫೋನಿನಲ್ಲೇ ಬರಬೇಡಿ ಎಂದು ಹೇಳಿದರು. ನಂತರ ನನಗೆ ಫೋನ್ ಮಾಡಿ, "ಅವ್ರನ್ನೆಲ್ಲ ನಂಬೋಕಾಗಲ್ಲ ಮೇಡಂ, ನಂಗೆ ಮೊದ್ಲಿಂದ್ಲೂ ಗೊತ್ತಿತ್ತು" ಎಂದರು. 'ಅವರು' ಎಂದರೆ ಯಾರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಗೊತ್ತಿದ್ದುದರಿಂದಲೇ ಕೇಳಲಿಲ್ಲ. ಆ ಮೌನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಂದೇ ಬೇರೆ ಬೇರೆ ಧಾರಾವಾಹಿಗಳ ಮ್ಯಾನೇಜರುಗಳೆಲ್ಲ ಇರುವ ಗ್ರೂಪಿನಲ್ಲಿ ಅವಳ ಹೆಸರು ಹಾಕಿ ಕಥೆ ಸೋರಿಸುವವಳು ಎಂದು ಬರೆದರು. ಅಲ್ಲಿಗೆ ಅವಳಿಗೆ ಈ ಊರಿನಲ್ಲಿ ಎಲ್ಲೂ ಕೆಲಸವಿಲ್ಲದಂತಾಯಿತು.

ಅವಳು ನನಗೆ ಒಂದೇ ಸಲ ಫೋನ್ ಮಾಡಿದಳು. ನಾನು ತೆಗೆಯಲಿಲ್ಲ. ಒಂದು ವಾಯ್ಸ್ ಮೆಸೇಜ್ ಬಂತು, ಅದನ್ನೂ ಕೇಳಲಿಲ್ಲ. ಅಳುತ್ತಾಳೆ, ನಾನು ಕರಗುತ್ತೇನೆ, ಅದಕ್ಕೇ ಕಳಿಸಿದ್ದಾಳೆ ಎಂದುಕೊಂಡೆ. ಅನುಮಾನ ಒಮ್ಮೆ ಒಳಗೆ ಬಂದರೆ ಅಳುವೂ ನಾಟಕದಂತೆ ಕಾಣುತ್ತದೆ, ಕೇಳದೇ ಇದ್ದ ಅಳುವೂ ಸಹ.

ನಿರ್ದೇಶಕ ಇದೇ ಊರಿನ ಸಿಂಗಾಪುರ ಬಡಾವಣೆಯಲ್ಲಿರುವ ನನ್ನ ಮನೆಗೇ ಬಂದ. ಕೂರಲೂ ಇಲ್ಲ.

"ಅವಳಲ್ಲ ಮಗಾ. ನಾನು ಬರ್ಕೊಡ್ತೀನಿ ಬೇಕಾದ್ರೆ."

"ಪ್ರೂಫ್ ಇದ್ಯಲ್ಲೋ ಕಣ್ಮುಂದೆ!"

"ಪ್ರೂಫ್ ಇಟ್ಕೊಂಡು ನೆಕ್ಕು. ನನ್ ಮೇಲೂ ಡೌಟ್ ಇತ್ತು ತಾನೇ ನಿಂಗೆ? ಅದಕ್ಕೇ ಬೆಕ್ಕಿನ ಸೀನ್ ಕೊಟ್ಟಿದ್ದು?"

"ಗೇಟ್ ಆಚೆ ಹೋಗಿ ಯಾರ್ ಹತ್ರ ಮಾತಾಡ್ತಿದ್ದೆ, ಹೇಳು ಮೊದ್ಲು."

ಆಗ ಹೇಳಿದ. ಒಂದು ಸಿನಿಮಾ ನಿರ್ದೇಶಿಸುವ ಅವಕಾಶ ಬಂದಿದೆಯಂತೆ. ಧಾರಾವಾಹಿ ಬಿಟ್ಟು ಹೋಗಬೇಕು, ಮೂವರೂ ಒಟ್ಟಿಗೆ ಎಂಬ ಮಾತು ಮುರಿಯಬೇಕು. ನಮಗಿಬ್ಬರಿಗೆ ಹೇಳಲು ಬಾಯಿ ಬರದೆ ಒಂದು ತಿಂಗಳಿಂದ ಕದ್ದು ಮಾತಾಡುತ್ತಿದ್ದನಂತೆ. ಹೇಳಿ ಮುಗಿಸಿ ಹೊರಟೇ ಹೋದ. ನಾನು ಆ ಸಂಜೆ ಏನು ಯೋಚಿಸಿದೆನೆಂದರೆ, ಬಿಟ್ಟು ಹೋಗುವವನು ತಾನೇ, ಅವನಿಗೇನು, ಒಳ್ಳೆಯವನಾಗಲು ಅವಳ ಪರ ಮಾತಾಡುತ್ತಾನೆ ಎಂದು. ಇಬ್ಬರು ಗೆಳೆಯರನ್ನೂ ಒಂದೇ ವಾರದಲ್ಲಿ ಕಳೆದುಕೊಂಡೂ ನನಗೆ ನನ್ನ ಜಾಣತನದ ಮೇಲಿನ ನಂಬಿಕೆ ಹೋಗಿರಲಿಲ್ಲ.

ಹೊಸ ಪ್ರಾಂಪ್ಟರ್ ಬಂದ. ಮೆತ್ತಗಿನ ದನಿಯ ಮನುಷ್ಯ, ನಟರ ಕಿವಿಯ ಹತ್ತಿರ ಹೋಗಿ ಹೇಳುತ್ತಿದ್ದ. ಅವನು ಬಂದ ದಿನದಿಂದ ಪೇಜಿನಲ್ಲಿ ಒಂದು ಸಾಲೂ ಬರಲಿಲ್ಲ. ಒಂದು ವಾರ, ಎರಡು ವಾರ, ಮೂರು ವಾರ. "ನೋಡಿದ್ರಾ?" ಎಂದರು ಮೇಡಂ. ಇದಕ್ಕಿಂತ ಸಾಕ್ಷಿ ಬೇಕೇ ಎಂದು ನನಗೂ ಅನ್ನಿಸಿತು. ಧಾರಾವಾಹಿಯಲ್ಲೂ ಅದೇ ಹೊತ್ತಿಗೆ ಮೂವರು ಗೆಳತಿಯರು ಸೇರಿ ನಾಲ್ಕನೆಯವಳನ್ನು ಮನೆಯಿಂದ ಹೊರಹಾಕುವ ಸೀನುಗಳು ಬಂದವು. ತಡೆಯಿಲ್ಲದೆ ಬರೆದೆ, ಎಲ್ಲರೂ ಹೊಗಳಿದರು.

ನಾಲ್ಕನೆಯ ವಾರ ಒಂದು ಬೆಳಿಗ್ಗೆ ಸೆಟ್ಟಿಗೆ ಹೋಗಿದ್ದೆ. ಲೈಟಿಂಗ್ ನಡೆಯುತ್ತಿತ್ತು. ಮನೆಯ ಹಿಂಭಾಗದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಟೀ ಕುಡಿಯುತ್ತಿದ್ದಾಗ ಮೇಲಿನ ಮಹಡಿಯ ಅಜ್ಜಿ, ಅಂದರೆ ಯಜಮಾನರ ತಾಯಿ, ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದು ಬಂದರು. ಎರಡೂ ಕಣ್ಣಿಗೆ ಪೊರೆ, ದಾರಿ ಸವರಿಕೊಂಡೇ ನಡೆಯುತ್ತಾರೆ.

"ನೀನೇನವ್ವ ಕತೆ ಬರಿಯೋಳು?" ಎಂದರು.

"ಹೌದಜ್ಜಿ, ಕತೆಗೆ ಮಾತು ಬರೀತೀನಿ."

"ಆ ಯಮ್ಮ ಯಾಕೆ ಬರಾಕಿಲ್ಲ ಈಗ? ಇಲ್ಲೇ ಈ ಕಲ್ ಮ್ಯಾಲೆ ಕುಂತ್ಕಂಡು ದಿನಾ ಬೆಳಿಗ್ಗೆ ಓದ್ತಿತ್ತಲ್ಲ. ಅದೆಂಗೆ ಓದ್ತಿತ್ತು ಅಂತೀಯ! ನಮ್ಮಡುಗೆ ಮನೆ ಕಿಟಕಿ ಇಲ್ಲೇ ಮ್ಯಾಲೆ ನೋಡು. ಈಗ ಬಂದಿರೋ ಯಪ್ಪ ಗುಸುಗುಸು ಅಂತಾನೆ, ಒಂದ್ ಮಾತೂ ಕೇಳ್ಸಾಕಿಲ್ಲ. ಟೀವಿ ನಂಗೆ ಕಾಣಾಕಿಲ್ಲವ್ವ. ಆ ಯಮ್ಮನ ಬಾಯಾಗೇ ನಾನು ಕತೆ ಕೇಳ್ತಿದ್ದೆ."

ಟೀ ಲೋಟ ಕೆಳಗಿಟ್ಟೆ.

"ಅಲಸಿನಣ್ಣಿಂದು ಯಾಕೆ ತೋರಿಸ್ನೇ ಇಲ್ಲ?" ಎಂದರು ಅಜ್ಜಿ. "ವಾಸ್ನೆ ಬಂದ್ರೆ ವಾಕರಿಕೆ ಬತ್ತದೆ ಅಂತ ಆ ಯಮ್ಮ ಓದಿದ್ದು ಕೇಳಿದ್ದೆ. ನಮ್ಮ ಬಾಗಲೂರು ಮಗಳಿಗೆ ಅವತ್ತೇ ಫೋನ್ ಮಾಡಿ ಏಳಿದ್ದೆ. ದಿನಾ ಮಧ್ಯಾನ ಅವಳಿಗೆ ಕತೆ ಏಳ್ದಿದ್ರೆ ಅವಳಿಗೆ ಊಟ ಸೇರಾಕಿಲ್ಲ. ಅವಳು ಕಾದೂ ಕಾದೂ ನೋಡುದ್ಲು, ಅಲಸಿನಣ್ಣು ಬರ್ಲೇ ಇಲ್ಲ. ನಂಗೇ ಬೈತಾಳೆ, ಸುಳ್ಳು ಏಳ್ತೀಯ ಅಂತ."

"ನಿಮ್ಮ ಮಗಳು ಫೋನಲ್ಲಿ ಏನಾದ್ರೂ ಬರೀತಾರಾ ಅಜ್ಜಿ, ಈ ಕತೆ ಬಗ್ಗೆ?"

"ಊಂ, ಅದೇನೋ ಪೇಜು ಅಂತದೆ. ಅದ್ರಾಗೆ ಎಲ್ಲಾರ್ಗೂ ಏಳ್ತದಂತೆ. ಯಾಕವ್ವ, ತಪ್ಪಾ?"

ನಾನು ತಪ್ಪಲ್ಲ ಎಂದೆ. ಇನ್ನೇನು ಹೇಳಲಿ? ಆ ಕಲ್ಲಿನ ಮೇಲೆ ಕೂತಿದ್ದಂತೆಯೇ ಎಲ್ಲವೂ ಒಂದೊಂದಾಗಿ ತಲೆಗೆ ಹೊಳೆಯಿತು. ಪೇಜಿನಲ್ಲಿ ವಿವರಣೆ ಏಕಿರಲಿಲ್ಲ? ಪ್ರಾಂಪ್ಟರ್ ಮಾತುಗಳನ್ನಷ್ಟೇ ಓದುತ್ತಾಳೆ. ಯಾರ ಮಾತು ಯಾರದು ಎಂಬುದೇಕೆ ತಪ್ಪಾಗುತ್ತಿತ್ತು? ಅವಳು ಎಲ್ಲರ ಮಾತನ್ನೂ ಒಂದೇ ದನಿಯಲ್ಲಿ ಓದುತ್ತಾಳೆ. ಮುಂದಿನ ಎರಡು ಮೂರು ದಿನದ ಸೀನುಗಳನ್ನು ಮೊದಲೇ ಗಟ್ಟಿಯಾಗಿ ಓದಿ ನಾಲಿಗೆ ಪಳಗಿಸಿಕೊಳ್ಳುವುದು ಅವಳ ಪದ್ಧತಿ ಎಂದು ನನಗೆ ಹದಿಮೂರು ವರ್ಷದಿಂದ ಗೊತ್ತು. ಪ್ರಾಂಪ್ಟರ್ ಕೈಗೆ ಕೊಟ್ಟ ಕಾಗದ ಅವಳ ಬಾಯಿಗೆ ಬರಲೇಬೇಕು, ಅವಳ ಕೆಲಸವೇ ಅದು. ಬಲೆ ಹೆಣೆಯುವಾಗ ಎಲ್ಲವನ್ನೂ ಲೆಕ್ಕ ಹಾಕಿದ ನಾನು, ನನ್ನ ಗೆಳತಿ ದಿನಾ ಏನು ಕೆಲಸ ಮಾಡುತ್ತಾಳೆ ಎಂಬುದನ್ನು ಮರೆತಿದ್ದೆ.

ಅಲ್ಲೇ ಕೂತು ಮೂರು ವಾರದ ಹಿಂದಿನ ವಾಯ್ಸ್ ಮೆಸೇಜ್ ಹಾಕಿದೆ. ಅಳು ಇರಲಿಲ್ಲ. ಅದೇ ಏರಿಳಿತವಿಲ್ಲದ ದನಿ.

"ನೀನು ಫೋನ್ ತೆಗಿಯಲ್ಲ ಅಂತ ಗೊತ್ತಿತ್ತು. ಮಂಗಳವಾರದ ಸೀನಲ್ಲಿ, ಮೂರನೇ ಪುಟ, 'ವಿಶ್ವಾಸದ್ರೋಹ' ಅಂತ ಇದೆ. ಹೀರೋಯಿನ್‌ಗೆ ಅದು ಬಾಯಿಗೆ ಬರಲ್ಲ. ಹೊಸಬರಿಗೆ ಗೊತ್ತಾಗಲ್ಲ, ನೀನೇ ಬದಲಾಯಿಸಿ ಕಳ್ಸು. ಬೇರೆ ಏನಿಲ್ಲ."

ಆ ಮಂಗಳವಾರ ಒಂದು ಪದಕ್ಕೆ ಹದಿನಾಲ್ಕು ಟೇಕ್ ಆಗಿದ್ದು ನನಗೆ ನೆನಪಿತ್ತು. ಲೋಟ ಅಲ್ಲೇ ಬಿಟ್ಟು ಎದ್ದೆ.

ಆರ್.ಟಿ. ನಗರದಲ್ಲಿ ಅವಳ ಮನೆ ಮೊದಲ ಮಹಡಿಯಲ್ಲಿದೆ. ಅವಳ ಅಮ್ಮ ಬಾಗಿಲು ತೆಗೆದು, ಯಾವಾಗಿನಂತೆ "ಆವ್ ಬೇಟಾ" ಎಂದರು. ನನ್ನ ಮೇಲೆ ಅವರಿಗೆ ಕೋಪವಿಲ್ಲ ಎಂದರೆ ಮಗಳು ಅವರಿಗೆ ನನ್ನ ಹೆಸರು ಹೇಳಿಲ್ಲ ಎಂದೇ ಅರ್ಥ. ಅವಳು ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅಮ್ಮ ಒಳಗೆ ಹೋಗುವವರೆಗೂ ಮಾತಾಡಲಿಲ್ಲ.

"ಗೊತ್ತಾಯ್ತಾ ಯಾರು ಅಂತ?" ಎಂದಳು.

ಅಜ್ಜಿಯ ವಿಷಯ, ಕಿಟಕಿಯ ವಿಷಯ, ಬಾಗಲೂರು ಮಗಳ ವಿಷಯ ಎಲ್ಲ ಹೇಳಿದೆ. ನಗುತ್ತಾಳೇನೋ ಎಂದು ಆಸೆಯಿತ್ತು. ನಗಲಿಲ್ಲ.

"ಆ ಹಲಸಿನ ಹಣ್ಣಿನ ಸೀನ್ ಸುಳ್ಳು ಅಂತ ಅವತ್ತೇ ಗೊತ್ತಾಯ್ತು ನಂಗೆ" ಎಂದಳು.

"ಹೆಂಗೆ?"

"ಹದ್ಮೂರು ವರ್ಷದಿಂದ ನಿನ್ನ ಸಾಲು ನನ್ ಬಾಯಲ್ಲಿದೆ ಕಣೇ. ಅಷ್ಟು ದೊಡ್ಡ ಗುಟ್ಟನ್ನ ನೀನು ಸೀನಿನ ಮಧ್ಯದಲ್ಲಿ ಇಡೋಳಲ್ಲ, ಕೊನೇಲಿ ಇಡೋಳು. ಮನಸ್ಸಿಟ್ಟು ಬರ್ದಿರ್ಲಿಲ್ಲ ನೀನು. ನನ್ನ ಟೆಸ್ಟ್ ಮಾಡ್ತಿದ್ದಾಳೆ ಅಂತ ಗೊತ್ತಾಯ್ತು. ಅದಕ್ಕೇ ಕೇಳ್ದೆ, ಇದೇನಾ ಫೈನಲ್ಲು ಅಂತ. ನೀನು ಹೂಂ ಅಂದೆ."

"ಗೊತ್ತಿದ್ದೂ ಯಾಕೆ ಗಟ್ಟಿಯಾಗಿ ಓದ್ದೆ?"

ಅವಳು ಆಗ ಮೊದಲ ಸಲ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು.

"ಓದ್ದೇ ಇದ್ದಿದ್ರೆ? ಅದೊಂದು ಕಾಗದ ಮಾತ್ರ ಬಾಯಿ ಮುಚ್ಕೊಂಡು ಓದಿದ್ರೆ ನಂಗೇನೋ ಭಯ ಇದೆ ಅಂತ ಆಗ್ತಿತ್ತು. ನಂಗ್ಯಾಕೆ ಭಯ? ದಿನಾ ಹೆಂಗೆ ಓದ್ತೀನೋ ಹಂಗೇ ಓದ್ದೆ. ಏನೇ ಆದ್ರೂ ಮೊದ್ಲು ನನ್ ಹತ್ರ ಬಂದು ಕೇಳ್ತಾಳೆ ಅಂದ್ಕೊಂಡೆ. ಕಾದೆ."

ನಾನು ತಪ್ಪಾಯಿತು, ಕ್ಷಮಿಸು ಎಂದೆ.

"ನನ್ ಹತ್ರ ಯಾಕೆ ಹೇಳ್ತೀಯ? ನನ್ನ ಹೆಸರು ಯಾರ್ ಹತ್ರ ಹೇಳ್ದೆ, ಅವ್ರ ಹತ್ರ ಹೇಳು ಹೋಗು. ಆ ಗ್ರೂಪಲ್ಲಿ ಎಷ್ಟು ಜನ ಇದಾರೆ ಗೊತ್ತಾ? ಎರಡು ಕಡೆ ಕೆಲಸ ಒಪ್ಕೊಂಡು ಆಮೇಲೆ ಬೇಡ ಅಂದ್ರು. ಅಮ್ಮಂಗೆ ರಜಾ ಅಂತ ಹೇಳಿದೀನಿ. ಎಷ್ಟು ದಿನ ರಜಾ ಅಂತ ಹೇಳ್ಲಿ?"

ಅಲ್ಲಿಂದ ನೇರವಾಗಿ ಚಾನೆಲ್ಲಿಗೆ ಹೋದೆ. ಮೇಡಂ ಎಲ್ಲ ಕೇಳಿ ನಕ್ಕುಬಿಟ್ಟರು. "ಮುಗಿದು ಹೋಗಿದ್ದು ಬಿಡಿ, ಈಗ ಲೀಕ್ ನಿಂತಿದೆಯಲ್ಲ. ಕೆದಕಿದ್ರೆ ನಿಮ್ಮ ಹೆಸರೇ ಹಾಳಾಗೋದು" ಎಂದರು. ಮ್ಯಾನೇಜರ್ ಇನ್ನೊಂದು ದಾರಿ ಹೇಳಿದರು. "ಮನೆಯವ್ರಿಂದ ಸೋರಿದೆ, ಅಜ್ಜಿ ತಪ್ಪು ಅಂತ ಹಾಕ್ಬಿಡೋಣ ಮೇಡಂ. ಯಾರ್ಗೂ ನೋವಾಗಲ್ಲ." ಕಣ್ಣು ಕಾಣದ ಮುದುಕಿಯ ಮೇಲೆ ಹಾಕಿ ನನ್ನ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಒಂದು ಕ್ಷಣ ಯೋಚಿಸಿದೆ ಕೂಡ, ಇಲ್ಲವೆನ್ನುವುದಿಲ್ಲ.

ಕೊನೆಗೆ ನಾನೇ ಬರೆದೆ. ನನ್ನ ಹೆಸರಿನಲ್ಲಿ, ಚಾನೆಲ್ಲಿಗೆ ಮತ್ತು ನಿರ್ಮಾಪಕರಿಗೆ ಮೇಲ್ ಹಾಕಿದೆ. ಸುಳ್ಳು ಸೀನ್ ಬರೆದದ್ದು ನಾನು, ಗಟ್ಟಿಯಾಗಿ ಓದುವುದೇ ಪ್ರಾಂಪ್ಟರ್ ಕೆಲಸ ಎಂಬುದನ್ನು ಮರೆತದ್ದು ನಾನು, ಅವಳನ್ನು ಒಂದು ಮಾತು ಕೇಳದೆ ಹೆಸರು ಕೊಟ್ಟದ್ದೂ ನಾನು. ಅವಳಿಂದ ಯಾವ ತಪ್ಪೂ ಆಗಿಲ್ಲ. ಅಜ್ಜಿಯ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಅದೇ ಬರಹವನ್ನು ಮ್ಯಾನೇಜರುಗಳ ಗ್ರೂಪಿನಲ್ಲೂ ಹಾಕಿಸಲೇಬೇಕೆಂದು ಪಟ್ಟು ಹಿಡಿದೆ. ಹಾಕುವವರೆಗೆ ಮುಂದಿನ ಎಪಿಸೋಡ್ ಕೊಡುವುದಿಲ್ಲ ಎಂದೆ. ಎರಡು ದಿನ ಎಳೆದಾಡಿ ಹಾಕಿದರು. ಅದರ ಮುಂದಿನ ವಾರ ನನ್ನ ಐದು ಎಪಿಸೋಡುಗಳಲ್ಲಿ ಮೂರನ್ನು ಬೇರೊಬ್ಬ ಬರಹಗಾರನಿಗೆ ಕೊಟ್ಟರು. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವಳನ್ನು ಕರೆಯಲು ನಿರ್ದೇಶಕ ಹೋದ. ಸಿನಿಮಾ ಶುರುವಾಗಲು ಇನ್ನೂ ಎರಡು ತಿಂಗಳಿತ್ತು, ಅಲ್ಲಿಯವರೆಗೆ ಇರುತ್ತೇನೆ ಎಂದಿದ್ದ. ನಾಯಕಿಯೂ ಅವಳೇ ಬೇಕೆಂದು ಹಟ ಹಿಡಿದಿದ್ದಳು. ಗೆಳತಿ ಬರುತ್ತೇನೆಂದಳು, ಆದರೆ ಒಂದು ಷರತ್ತು ಹಾಕಿದಳು. ನಾನು ಬರೆದ ಸೀನ್ ಪೇಪರುಗಳು ವಾಟ್ಸಾಪಿನಲ್ಲಿ ಬರಬಾರದು, ಬೇರೆ ಯಾರೂ ತರಬಾರದು. ನಾನೇ ತಂದು ಅವಳ ಕೈಗೆ ಕೊಡಬೇಕು.

ಹೀಗಾಗಿ ಈಗ ವಾರಕ್ಕೆ ಎರಡು ಬೆಳಿಗ್ಗೆ ಸಿಂಗಾಪುರದಿಂದ ಹುಣಸಮಾರನಹಳ್ಳಿಗೆ ಹೋಗುತ್ತೇನೆ. ಅವಳ ಓದುವ ಜಾಗ ಕಾಸ್ಟ್ಯೂಮ್ ರೂಮಿನ ಒಳಗೆ ಬಂದಿದೆ, ಬಾಗಿಲು ಮುಚ್ಚಿಕೊಂಡು ಓದುತ್ತಾಳೆ. ಊಟದ ಹೊತ್ತಿನಲ್ಲಿ ಅವಳು ನಾಯಕಿಯ ಜೊತೆ ಕೂರುತ್ತಾಳೆ. ನನ್ನ ಜೊತೆ ಕೆಲಸದ ಮಾತು ಎಷ್ಟು ಬೇಕೋ ಅಷ್ಟು. ತೊಡರುವ ಪದ ಈಗಲೂ ಹಿಡಿಯುತ್ತಾಳೆ, ಆದರೆ ಮೂರು ಸಲ ಹೇಳು ನೋಡೋಣ ಎನ್ನುವುದಿಲ್ಲ. ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸ್ ಕೊಡುತ್ತಾಳೆ.

ವಾಪಸ್ ಬಂದ ಮೊದಲ ದಿನ ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಓದಲು ಶುರುಮಾಡಲಿಲ್ಲ. ಲೈಟ್‌ನವರು, ಮೇಕಪ್‌ನವರು, ಮ್ಯಾನೇಜರ್, ಎಲ್ಲರೂ ಇದ್ದರು. ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಿದಳು.

"ಇದು ಅಸಲಿನಾ?"

ಅಸಲಿ ಎಂದೆ. ಆಮೇಲೆ ಓದಲು ಹೋದಳು. ಒಂದು ದಿನದ ಕೋಪ, ಇಳಿಯುತ್ತದೆ ಎಂದುಕೊಂಡಿದ್ದೆ. ಮುಂದಿನ ಸಲವೂ ಕೇಳಿದಳು, ಅದರ ಮುಂದಿನ ಸಲವೂ ಕೇಳಿದಳು. ಮೊದಮೊದಲು ಸೆಟ್ಟಿನ ಹುಡುಗಿಯರು ನಗುತ್ತಿದ್ದರು, ಈಗ ಯಾರೂ ನಗುವುದಿಲ್ಲ. ನಾನು ಕಾಗದ ಕೊಟ್ಟು ಅವಳ ಮುಂದೆ ನಿಲ್ಲುತ್ತೇನೆ. ಅವಳು ಕೇಳುತ್ತಾಳೆ. ನಾನು ಅಸಲಿ ಎನ್ನುತ್ತೇನೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಮೊದಲ ಸಾಲು ಓದುತ್ತಾಳೆ.